ಹಿಂದಿನ ಬಾಡಿಗೆದಾರರು ಡ್ರಗ್ಸ್ ಸೇದುತ್ತಿದ್ದ ಮನೆ: ಗೋಡೆಯಲ್ಲಿ ವಿಷ ಉಳಿದಿರುತ್ತದೆಯೇ?

"ಡ್ರಗ್ಸ್ ಸೇದಿದವರು ಇದ್ದ ಮನೆಯನ್ನು ಕೊಳ್ಳಬೇಡಿ. ವಿಷ ಗೋಡೆಯೊಳಗೆ ಸೇರಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಮಕ್ಕಳ ಜೀವಕ್ಕೆ ಅಪಾಯ." ಈ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ನನಗೆ ಅದು ಬಂದದ್ದು ಆಕ್ಲೆಂಡಿನಲ್ಲಿರುವ ದೊಡ್ಡಪ್ಪನ ಮಗಳಿಂದ. ಅವಳು ಮೆಚ್ಚಿಕೊಂಡಿದ್ದ ಮನೆಯ ಪರೀಕ್ಷಾ ವರದಿಯಲ್ಲಿ "ಮೆತ್ ಪತ್ತೆ: 2.1, ಮಿತಿ: 1.5" ಎಂದಿತ್ತು. "ನೀನು ಇಂಥದ್ದನ್ನೇ ಓದ್ತಾ ಕೂತಿರ್ತೀಯಲ್ಲ, ನೋಡಿ ಹೇಳೇ. ಅಡ್ವಾನ್ಸ್ ಕೊಡೋದು ಬಿಟ್ಟುಬಿಡ್ಲಾ?" ಎಂದು ಅಕ್ಕ ಕೇಳಿದಳು.

ಮೊದಲು ನೇರ ಉತ್ತರ. ಮನೆಯಲ್ಲಿ ಡ್ರಗ್ಸ್ ಸೇದಿದ್ದರು ಎಂಬುದು ಬೇರೆ, ಅಲ್ಲೇ ತಯಾರಿಸಿದ್ದರು ಎಂಬುದು ಬೇರೆ. ಸಂದೇಶ ಇವೆರಡನ್ನೂ ಕಲಸಿಬಿಟ್ಟಿದೆ. ಇದೇ ಗೊಂದಲದಿಂದ ಒಂದು ದೇಶದ ನೂರಾರು ಬಡ ಕುಟುಂಬಗಳು ಮನೆ ಕಳೆದುಕೊಂಡಿವೆ. ಆ ದೇಶ ಅಕ್ಕ ಇರುವ ನ್ಯೂಜಿಲೆಂಡೇ.

ಮೆಥಾಂಫೆಟಮಿನ್ ಎಂಬ ಮಾದಕ ವಸ್ತುವನ್ನು ಅಲ್ಲಿ 'ಪಿ' ಎನ್ನುತ್ತಾರೆ. ಅದನ್ನು ಸೇದಿದಾಗ ಹೊಗೆಯ ಅಂಶ ಗೋಡೆ, ಪರದೆ, ಕಪಾಟಿನ ಮೇಲೆ ಕೂರುತ್ತದೆ. ಇದು ನಿಜ. ಗೋಡೆಯ ಮೇಲೆ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಜಾಗವನ್ನು ಒದ್ದೆ ಪಟ್ಟಿಯಿಂದ ಒರೆಸಿ ಲ್ಯಾಬಿಗೆ ಕಳಿಸಿದರೆ ಎಷ್ಟು ಮೈಕ್ರೋಗ್ರಾಂ ಇದೆ ಎಂದು ಹೇಳುತ್ತಾರೆ. ಅಲ್ಲಿನ ಆರೋಗ್ಯ ಸಚಿವಾಲಯ 2010ರಲ್ಲಿ ಮಾರ್ಗಸೂಚಿ ಮಾಡಿ, ಶುಚಿ ಮಾಡಿದ ಮೇಲೆ ಅಷ್ಟು ಜಾಗದಲ್ಲಿ 0.5 ಮೈಕ್ರೋಗ್ರಾಂಗಿಂತ ಹೆಚ್ಚು ಉಳಿಯಬಾರದು ಎಂದಿತ್ತು. ಆದರೆ ಅದು ಬರೆದದ್ದು ಡ್ರಗ್ಸ್ ತಯಾರಿಸಿ ಸಿಕ್ಕಿಬಿದ್ದ ಮನೆಗಳಿಗಾಗಿ. ಕಾಲಕ್ರಮೇಣ ಅದೇ ಅಂಕಿಯನ್ನು ಎಲ್ಲ ಮನೆಗಳಿಗೂ ಅಳತೆಗೋಲು ಮಾಡಿಕೊಂಡರು. ಪರೀಕ್ಷೆ ಮಾಡುವ, ಶುಚಿ ಮಾಡುವ ಕಂಪನಿಗಳಿಗೆ ಸುಗ್ಗಿ! 2017ರ ಹೊಸ ಮಾನದಂಡ ಮಿತಿಯನ್ನು 1.5ಕ್ಕೆ ಏರಿಸಿದರೂ ಭಯ ಇಳಿಯಲಿಲ್ಲ. ಸರ್ಕಾರಿ ವಸತಿ ಸಂಸ್ಥೆ ಹೌಸಿಂಗ್ ನ್ಯೂಜಿಲೆಂಡ್ ಪರೀಕ್ಷೆ, ದುರಸ್ತಿಗಳಿಗೆ 10 ಕೋಟಿ ಡಾಲರಿಗೂ ಹೆಚ್ಚು ಸುರಿಯಿತು, ಬಾಡಿಗೆದಾರರನ್ನು ಹೊರಗೆ ಹಾಕಿತು. ಎಷ್ಟೋ ಮಂದಿ ಸಾಮಾನು ಸರಂಜಾಮನ್ನೂ ಕಳೆದುಕೊಂಡರು.

2018ರ ಮೇ ತಿಂಗಳಲ್ಲಿ ಪ್ರಧಾನಿಯ ಮುಖ್ಯ ವಿಜ್ಞಾನ ಸಲಹೆಗಾರ ಪೀಟರ್ ಗ್ಲುಕ್‌ಮನ್ ವರದಿ ಕೊಟ್ಟರು. ಮೆತ್ ಸೇದಿದ್ದ ಮನೆಯಲ್ಲಿ ಉಳಿದ ಅಂಶದಿಂದ ಆಮೇಲೆ ಬಂದವರಿಗೆ ಕಾಯಿಲೆ ಬಂದದ್ದಕ್ಕೆ ಪ್ರಕಟಿತ ಪುರಾವೆಯೇ ಇಲ್ಲ ಎಂಬುದು ಅದರ ತಿರುಳು. ತಯಾರಿಸಿದ ಅನುಮಾನ ಇಲ್ಲದಿದ್ದರೆ ಪರೀಕ್ಷೆಯೇ ಬೇಡ, 15 ಮೈಕ್ರೋಗ್ರಾಂ ದಾಟಿದರೆ ಮಾತ್ರ ಶುಚಿಯ ಬಗ್ಗೆ ಯೋಚಿಸಿ ಎಂದರು. ಅದೇ ವರ್ಷ ಸಂಸ್ಥೆ ಕ್ಷಮೆ ಕೇಳಿತು, ತೊಂದರೆಗೊಳಗಾದ ಸುಮಾರು 800 ಬಾಡಿಗೆದಾರರಿಗೆ ನೆರವು ಕೊಡಲು ಒಪ್ಪಿತು.

1.5 ಮೈಕ್ರೋಗ್ರಾಂ ಎಂದರೆ ಎಷ್ಟು? ಒಂದು ಹರಳು ಪುಡಿಉಪ್ಪು ಸುಮಾರು 60 ಮೈಕ್ರೋಗ್ರಾಂ ತೂಗುತ್ತದೆ. ಅದರ ನಲವತ್ತನೇ ಒಂದು ಭಾಗ. ಇನ್ನೊಂದು ವಿಷಯ ನನಗೂ ಆಶ್ಚರ್ಯ ತಂದಿತ್ತು. ಗಮನ ಕೇಂದ್ರೀಕರಿಸಲು ಆಗದ ಎಡಿಎಚ್‌ಡಿ ತೊಂದರೆಗೆ ಅಮೆರಿಕದಲ್ಲಿ ಇದೇ ಮೆಥಾಂಫೆಟಮಿನ್ನಿನ 5 ಮಿಲಿಗ್ರಾಂ ಮಾತ್ರೆಯನ್ನು ವೈದ್ಯರ ಚೀಟಿಯ ಮೇಲೆ ಕೊಡುವುದುಂಟು. ಗೋಡೆಯಿಂದ ಅಷ್ಟು ಮೆತ್ ಸಿಗಬೇಕಾದರೆ 1.5ರ ಲೆಕ್ಕದಲ್ಲಿ ಸುಮಾರು 360 ಚದರ ಅಡಿ ಗೋಡೆಯನ್ನು ಪೂರ್ತಿ ನೆಕ್ಕಬೇಕು. ಮೆತ್ ಒಳ್ಳೆಯದು ಎಂದು ಇದರ ಅರ್ಥವಲ್ಲ. ಸೇದುವವರನ್ನು ಅದು ಹಾಳು ಮಾಡುತ್ತದೆ. ಇಲ್ಲಿ ಪ್ರಶ್ನೆ ಗೋಡೆಯದ್ದು.

ವರದಿ ಓದುವಾಗ ಮೋಸ ಹೋಗುವ ಜಾಗ ಇನ್ನೊಂದಿದೆ. ಖರ್ಚು ಉಳಿಸಲು ಹಲವು ಕೋಣೆಗಳ ಪಟ್ಟಿಗಳನ್ನು ಒಟ್ಟಿಗೆ ಪರೀಕ್ಷಿಸಿ ಮೊತ್ತವನ್ನು ಬರೆಯುವುದುಂಟು. ಐದು ಕೋಣೆಗಳಲ್ಲಿ ತಲಾ 0.4 ಇದ್ದರೆ ಕಾಗದದಲ್ಲಿ 2 ಎಂದು ಕಾಣುತ್ತದೆ. ಅಕ್ಕನ ವರದಿಯೂ ಹಾಗೇ ಇತ್ತು. ಕೋಣೆವಾರು ಲೆಕ್ಕ ಕೇಳು ಎಂದೆ. ಬಂದಾಗ ಅತಿ ಹೆಚ್ಚಿದ್ದ ಮಲಗುವ ಕೋಣೆಯಲ್ಲೇ 0.9.

ಹಾಗಾದರೆ ಹೆದರಬೇಕಾದ್ದು ಯಾವುದಕ್ಕೆ? ತಯಾರಿಸಿದ್ದ ಮನೆಗೆ. ಅಲ್ಲಿ ಆಮ್ಲ, ಕ್ಷಾರ, ದ್ರಾವಕ, ಅಯೋಡಿನ್‌ಗಳೂ ಇರುತ್ತವೆ, ತ್ಯಾಜ್ಯವನ್ನು ಸಿಂಕಿಗೋ ಹಿತ್ತಿಲಿಗೋ ಸುರಿದಿರುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹೀಗೆ ಹಿಂದೆ ತಯಾರಿಕೆ ನಡೆದಿದ್ದ ಮನೆಯಲ್ಲಿ ವಾಸವಿದ್ದ ಕುಟುಂಬದವರ ಕೂದಲಲ್ಲೂ ಮೆತ್ ಪತ್ತೆಯಾಯಿತು. ಮಕ್ಕಳಿಗೆ ಉಬ್ಬಸದಂಥ ತೊಂದರೆ, ನಿದ್ದೆಗೇಡು, ವರ್ತನೆಯಲ್ಲಿ ಬದಲಾವಣೆ ಕಂಡಿತ್ತು. 2017ರಲ್ಲಿ ಅಮೆರಿಕದ ಸಿಡಿಸಿ ತನ್ನ ವಾರಪತ್ರಿಕೆಯಲ್ಲಿ ಈ ಪ್ರಕರಣವನ್ನು ಪ್ರಕಟಿಸಿತು. ಗೋಡೆಯಲ್ಲಿ ವಿವರಣೆ ಇಲ್ಲದ ಹಳದಿ–ಕಂದು ಕಲೆ, ಕೊರೆದುಹೋದ ಸಿಂಕು, ನೆಲದಲ್ಲಿ ಸುಟ್ಟ ಗುರುತು, ಬಿಡದ ಅಮೋನಿಯಾ ಅಥವಾ ಥಿನ್ನರ್ ವಾಸನೆ, ಹಿತ್ತಿಲಲ್ಲಿ ಹುಲ್ಲು ಬೆಳೆಯದ ತೇಪೆ, ಇವು ಒಟ್ಟಿಗೆ ಕಂಡರೆ ತಜ್ಞರ ಪರೀಕ್ಷೆ ಆಗುವವರೆಗೆ ಸಹಿ ಹಾಕಬೇಡಿ. ಮೇಲೆ ಹೊಸ ಬಣ್ಣ ಬಳಿದ ಮಾತ್ರಕ್ಕೆ ಇದು ಮುಗಿಯುವುದಿಲ್ಲ.

ಒಳಗೆ ಗಾಂಜಾ ಬೆಳೆಸಿದ್ದ ಮನೆಯ ಸಮಸ್ಯೆಯೇ ಬೇರೆ. ಗಿಡಗಳ ತೇವಕ್ಕೆ ಗೋಡೆ, ಚಾವಣಿಗೆ ಬೂಷ್ಟು ಹಿಡಿದಿರುತ್ತದೆ. ದೀಪಗಳಿಗಾಗಿ ಮೀಟರ್ ತಪ್ಪಿಸಿ ವಯರ್ ಎಳೆದಿರುತ್ತಾರೆ. ಅಲ್ಲಿಗೆ ಮೊದಲು ಕರೆಯಬೇಕಾದ್ದು ಎಲೆಕ್ಟ್ರಿಷಿಯನ್ನನ್ನು.

ಒಂದು ಮಾತು ಪಕ್ಕಕ್ಕೆ. ಬೀಡಿ, ಸಿಗರೇಟಿನ ನಿಕೋಟಿನ್ ಕೂಡ ಗೋಡೆಯಲ್ಲಿ ಕೂತು, ಗಾಳಿಯಲ್ಲಿನ ನೈಟ್ರಸ್ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್‌ಕಾರಕ ಸಂಯುಕ್ತಗಳಾಗುತ್ತದೆ ಎಂದು ಬರ್ಕ್ಲಿ ಲ್ಯಾಬಿನ ಸಂಶೋಧಕರು 2010ರಲ್ಲೇ ತೋರಿಸಿದ್ದಾರೆ. ಆದರೂ ಹಿಂದಿನವರು ಸಿಗರೇಟು ಸೇದುತ್ತಿದ್ದರೇ ಎಂದು ಕೇಳಿ ಮನೆ ಕೊಂಡವರನ್ನು ನಾನಂತೂ ಕಂಡಿಲ್ಲ.

ನಮ್ಮಲ್ಲಿ ಇಂಥ ಮನೆ ಕೊಳ್ಳುವವರ ದೊಡ್ಡ ಭಯ ಪೊಲೀಸರದ್ದು. 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ತಪ್ಪಿತಸ್ಥರಾಗುವುದು ಗೊತ್ತಿದ್ದೂ ಜಾಗವನ್ನು ಬಳಸಲು ಬಿಟ್ಟ ಮಾಲೀಕರು ಅಥವಾ ಅದನ್ನು ವಶದಲ್ಲಿ ಇಟ್ಟುಕೊಂಡಿದ್ದವರು. ಆಮೇಲೆ ಕೊಂಡವರ ಮೇಲೆ ಹಳೆಯ ಬಾಡಿಗೆದಾರರ ಅಪರಾಧ ಬರುವುದಿಲ್ಲ. ಆದರೆ ಮನೆಯನ್ನೇ ಡ್ರಗ್ಸ್ ಹಣದಲ್ಲಿ ಕೊಂಡಿದ್ದರೆ ಮುಟ್ಟುಗೋಲು ಆಗಬಹುದು. ಪ್ರಾಮಾಣಿಕವಾಗಿ, ಸರಿಯಾದ ಬೆಲೆ ಕೊಟ್ಟು ಕೊಂಡವರಿಗೆ ಕಾಯ್ದೆಯಲ್ಲಿ ರಕ್ಷಣೆ ಇದೆ, ಹಾಗಾಗಿ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಇ.ಸಿ. ತೆಗೆಸಿದರೆ ಸಾಲದು, ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಸುಲಭವಾಗಿ ಕಾಣದ ಮುಖ್ಯ ದೋಷವನ್ನು ಮಾರುವವರು ಹೇಳಲೇಬೇಕು. ಅಗ್ರಿಮೆಂಟ್‌ಗೆ ಮುಂಚೆ ಇದನ್ನು ಬರಹದಲ್ಲಿ ಕೇಳಿ. ಅಕ್ಕಪಕ್ಕದ ಮನೆಯವರ ಹತ್ತಿರವೂ ಹತ್ತು ನಿಮಿಷ ಮಾತಾಡಿ.

ಅಕ್ಕ ಆ ಮನೆಯನ್ನು ಕೊಂಡಳು. ಡಿಟರ್ಜೆಂಟ್ ನೀರಿನಲ್ಲಿ ಗೋಡೆಗಳನ್ನೆಲ್ಲ ಒರೆಸಿ, ಹಳೆಯ ಕಾರ್ಪೆಟ್ ಮತ್ತು ಪರದೆ ಕಿತ್ತು ಹಾಕಿದ್ದಾಳೆ. ನೀವು ಹೊಸ ಮನೆಯ ಅಟ್ಟದಲ್ಲೋ ಮೋರಿಯಲ್ಲೋ ಸಿರಿಂಜು, ಗುರುತಿಲ್ಲದ ಪುಡಿ ಅಥವಾ ಲೇಬಲ್ ಇಲ್ಲದ ಕ್ಯಾನು ಕಂಡರೆ ಮುಟ್ಟಬೇಡಿ, ಮೂಸಬೇಡಿ, ಸಿಂಕಿಗೆ ಸುರಿಯಬೇಡಿ. ಕಿಟಕಿ ತೆರೆದು ಹೊರಗೆ ಬಂದು 112ಕ್ಕೆ ಕರೆ ಮಾಡಿ.