ಗೋಡೆಗೆ ಬಂದ ಗಣಿತ

ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣ 1870ರದ್ದು. ಉದ್ದನೆಯ, ಕಿರಿದಾದ ಹಾಲ್. ಎರಡೂ ಪಕ್ಕದಲ್ಲಿ ಚಿನ್ನದ ಬಣ್ಣದ ಸ್ತ್ರೀಮೂರ್ತಿಗಳ ಸಾಲು, ಮೇಲೆ ಅಂಕಣ ಅಂಕಣವಾದ ಚಾವಣಿ. ಕಟ್ಟಿದವರು ಇದನ್ನೆಲ್ಲ ಮಾಡಿದ್ದು ಕಣ್ಣಿಗಾಗಿ, ಉಪಕಾರವಾದದ್ದು ಕಿವಿಗೂ. ಉಬ್ಬುತಗ್ಗಿಗೆ ತಾಗಿದ ನಾದ ಒಂದೇ ಕಡೆ ಪುಟಿಯದೆ ನಾನಾ ದಿಕ್ಕಿಗೆ ಹಂಚಿಹೋಗುತ್ತದೆ. ಕಳೆದ ಶತಮಾನದ ಕಟ್ಟಡಗಾರರು ಈ ಅಲಂಕಾರವನ್ನು ದಂಡವೆಂದು ಕೈಬಿಟ್ಟರು. ಅದರ ಕೆಲಸವನ್ನು ಒಬ್ಬ ಭೌತವಿಜ್ಞಾನಿ ಲೆಕ್ಕ ಹಾಕಿ ಗೋಡೆಗೆ ಮರಳಿಸಿದ. ರೆಕಾರ್ಡಿಂಗನ್ನೇ ನೆಚ್ಚಿಕೊಂಡ ನನಗೆ ನಮ್ಮ ಕಸುಬಿನ ಚರಿತ್ರೆಯಲ್ಲಿ ಇದಕ್ಕಿಂತ ಪ್ರೀತಿಯ ಅಧ್ಯಾಯ ಇನ್ನೊಂದಿಲ್ಲ.

1962ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಫಿಲ್‌ಹಾರ್ಮೋನಿಕ್ ಹಾಲ್ ಉದ್ಘಾಟನೆಯಾಯಿತು. ಮಂದ್ರ ಸ್ವರಗಳಿಗೆ ಬಲವೇ ಇಲ್ಲವೆಂದು ಮೊದಲಿನಿಂದಲೂ ದೂರು. ಪರೀಕ್ಷೆಗೆ ಬಂದ ತಜ್ಞರಲ್ಲಿ ಆ ಭೌತವಿಜ್ಞಾನಿ, ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ ಒಬ್ಬರು. ವರ್ಷಗಟ್ಟಲೆ ತೇಪೆ ಹಾಕಿಯೂ ಸರಿಹೋಗದೆ, 1976ರಲ್ಲಿ ಒಳಭಾಗವನ್ನೇ ಕೆಡವಿ ಕಟ್ಟಬೇಕಾಯಿತು.

ಅಷ್ಟರಲ್ಲಿ ಶ್ರೋಡರ್ ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಒಳ್ಳೆಯ ಹಾಲ್ ಎಂದರೆ ಯಾವುದು ಎಂಬುದನ್ನು ಅವರ ತಂಡ ಕಿವಿಯಿಂದಲೇ ತೀರ್ಮಾನಿಸಲು ಹೊರಟಿತು. ಪ್ರತಿಧ್ವನಿಯೇ ಇಲ್ಲದ ಕೋಣೆಯಲ್ಲಿ ಧ್ವನಿಮುದ್ರಿಸಿದ ಮೊಟ್ಸಾರ್ಟ್‌ನ ಜುಪಿಟರ್ ಸಿಂಫನಿಯನ್ನು ಯುರೋಪಿನ 20ಕ್ಕೂ ಹೆಚ್ಚು ಹಾಲ್‌ಗಳ ವೇದಿಕೆಯಿಂದ ನುಡಿಸಿ, ಕಿವಿಯ ಜಾಗದಲ್ಲಿ ಮೈಕ್ ಇಟ್ಟ ಗೊಂಬೆತಲೆಯಿಂದ ಮತ್ತೆ ಮುದ್ರಿಸಿಕೊಂಡರು. ಕೇಳುಗರು ಒಂದೇ ಕಡೆ ಕೂತು ಹಾಲ್‌ನಿಂದ ಹಾಲ್‌ಗೆ ಹೋಲಿಸಿದರು. 1974ರಲ್ಲಿ ಫಲಿತಾಂಶ ಬಂತು: ಎಡಕಿವಿಗೂ ಬಲಕಿವಿಗೂ ನಾದ ಬೇರೆಬೇರೆಯಾಗಿ ತಲುಪುವ ಹಾಲ್‌ಗಳನ್ನೇ ಜನ ಮೆಚ್ಚಿದ್ದರು. ಕಿರಿದಾದ ಹಾಲ್‌ನಲ್ಲಿ ಪಕ್ಕದ ಗೋಡೆಗಳಿಂದ ಅದು ತಾನಾಗಿ ಆಗುತ್ತದೆ. ಅಗಲವಾದ ಹೊಸ ಹಾಲ್‌ಗಳಲ್ಲಿ ಮೊದಲು ಬರುವುದು ಚಾವಣಿಯ ಪ್ರತಿಫಲನ. ಅದು ಎರಡೂ ಕಿವಿಗೆ ಒಂದೇ ಥರ ಬಡಿಯುತ್ತದೆ. ಹಾಗಾದರೆ ಚಾವಣಿಯೇ ನಾದವನ್ನು ಪಕ್ಕಕ್ಕೆ ಚದುರಿಸಬೇಕು. ಹೇಗೆ?

ಉತ್ತರ ಸಿಕ್ಕಿದ್ದು ಅದೇ ಗಾಟಿಂಗೆನ್‌ನಲ್ಲಿ ಬಾಳಿದ್ದ ಗಣಿತಜ್ಞ ಗೌಸ್‌ನ ಸಂಖ್ಯಾಸಿದ್ಧಾಂತದಲ್ಲಿ. 7 ಎಂಬ ಅವಿಭಾಜ್ಯ ಸಂಖ್ಯೆಯನ್ನೇ ತೆಗೆದುಕೊಳ್ಳಿ. 0ಯಿಂದ 6ರವರೆಗಿನ ಅಂಕಿಗಳ ವರ್ಗವನ್ನು 7ರಿಂದ ಭಾಗಿಸಿದರೆ ಉಳಿಯುವ ಶೇಷ 0, 1, 4, 2, 2, 4, 1. ಈ ಅಳತೆಯ ಆಳಕ್ಕೆ ಹಲಗೆಯಲ್ಲಿ ಸಾಲಾಗಿ ಗಾಡಿಗಳನ್ನು, ಅಂದರೆ ಉದ್ದನೆಯ ತೋಡುಗಳನ್ನು, ಮಾಡಿದರೆ, ಆಳಕ್ಕೆ ತಕ್ಕಂತೆ ಪ್ರತಿಯೊಂದರಿಂದಲೂ ನಾದ ಸ್ವಲ್ಪ ಹಿಂದುಮುಂದಾಗಿ ಮರಳಿ, ಹಲವು ದಿಕ್ಕಿಗೆ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ. 1979ರಲ್ಲಿ ಶ್ರೋಡರ್ ಇದನ್ನು ಪ್ರಕಟಿಸಿದರು. ಡಿಫ್ಯೂಸರ್ ಎಂದು ನಾವು ಇಂದು ಕರೆಯುವ ಹಲಗೆಯ ಮೂಲ ಇದು.

ನಮ್ಮ ಸ್ಟುಡಿಯೋದಲ್ಲಿ ಮೃದಂಗದ ಚಾಪು ಎದುರುಬದುರು ಗೋಡೆಗಳ ನಡುವೆ ಟರ್ರೆಂದು ಓಡಾಡುತ್ತಿತ್ತು. 1000 ಹರ್ಟ್ಸ್‌ನಿಂದ ಮೇಲಕ್ಕೆ ಚದುರಿಸುವ ಲೆಕ್ಕ ಹಾಕಿ, ಗಾಡಿಯ ಆಳ 0, 2.5, 10, 5, 5, 10, 2.5 ಸೆಂ.ಮೀ. ಎಂದು ಬಡಗಿಗೆ ಬರೆದುಕೊಟ್ಟೆ. “ಎಲ್ಲಾ ಒಂದೇ ಆಳ ಇಟ್ರೆ ಬೇಗ ಮುಗಿಯುತ್ತೆ ಸಾರ್” ಎಂದರು. “ಬೇಡ ಮೇಸ್ತ್ರಿ, ಕೆಲಸ ಮಾಡೋದೇ ಆ ಏರುಪೇರು” ಎಂದೆ. ತೆಳು ಪ್ಲೈವುಡ್‌ನ ಅಡ್ಡಪಟ್ಟಿಗಳನ್ನು ಒಂದೊಂದಾಗಿ ಅಳೆದು ಕೂರಿಸಿದರು. ಗೋಡೆಗೇರಿಸಿದ ಮೇಲೆ ಟರ್ರು ಹೋಯಿತು. ಚಾಪಿನ ಕಾಂತಿ ಮಾತ್ರ ಹಾಗೆಯೇ ಉಳಿಯಿತು. ಫೋಮ್ ಅಂಟಿಸಿದ್ದರೆ ಟರ್ರಿನ ಜೊತೆಗೆ ಕಾಂತಿಯನ್ನೂ ನುಂಗಿಬಿಡುತ್ತಿತ್ತು.

1983 ಈ ವಿದ್ಯೆಗೆ ದೊಡ್ಡ ವರ್ಷ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ತೆರೆದ ಮೈಕೇಲ್ ಫೌಲರ್ ಸೆಂಟರ್ ಸಭಾಂಗಣದಲ್ಲಿ ಧ್ವನಿತಜ್ಞ ಹ್ಯಾರಲ್ಡ್ ಮಾರ್ಷಲ್ ಗಾಡಿಗಳಿರುವ ದೊಡ್ಡ ಫಲಕಗಳನ್ನು ಓರೆಯಾಗಿ ತೂಗಿಸಿದರು. ಅದೇ ವರ್ಷ ಅಮೆರಿಕದಲ್ಲಿ ಪೀಟರ್ ಡಿ’ಆಂಟೋನಿಯೊ ಡಿಫ್ಯೂಸರ್ ತಯಾರಿಸುವ ಕಂಪನಿ ಕಟ್ಟಿ ಸ್ಟುಡಿಯೋಗಳಿಗೆ ಮುಟ್ಟಿಸಿದರು.

ಸಭಾಂಗಣ, ಕಲ್ಯಾಣಮಂಟಪ ಕಟ್ಟಿಸುವವರಲ್ಲಿ ನನ್ನದೊಂದು ವಿನಂತಿ. ಗೋಡೆಯನ್ನು ನುಣುಪಾಗಿ ಗಾರೆ ಮಾಡಿಸಿ, ಆಮೇಲೆ ಸದ್ದು ಹೆಚ್ಚಾಯಿತೆಂದು ಬಟ್ಟೆ, ಫೋಮ್ ಹೊದಿಸಬೇಡಿ. ನಕ್ಷೆ ಬರೆಯುವಾಗಲೇ ಒಂದಿಷ್ಟು ಗೋಡೆಯನ್ನು ಉಬ್ಬುತಗ್ಗಿಗೆ ಬಿಡಿ. ಹಾಡುವವರ ಶ್ರಮ ಕೊನೆಯ ಸಾಲಿನವರಿಗೂ ಮುಟ್ಟಲಿ.