ಈಚಲು ಮರದಿಂದ ರಾಜೀನಾಮೆಯವರೆಗೆ: ಯಶೋಧರಮ್ಮ ದಾಸಪ್ಪ

ಚೆನ್ನೈನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ರಾಜಾಜಿ ಗೊತ್ತು, ಕಾಮರಾಜರು ಗೊತ್ತು. ಕರ್ನಾಟಕದ ಸ್ವಾತಂತ್ರ್ಯ ಹೋರಾಟಗಾರರು ಯಾರೆಂದು ಕೇಳಿದರೆ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಎಂದು ಎರಡು ಹೆಸರು ಹೇಳಿ ಸುಮ್ಮನಾಗುತ್ತಾರೆ. ತಪ್ಪು ಮಕ್ಕಳದಲ್ಲ, ಹೇಳಬೇಕಾದ ನಾವೇ ಹೇಳಿಲ್ಲ. ಇದೇ ಊರಿನಲ್ಲಿ ಓದಿ, ಮೈಸೂರು ಸೀಮೆಗೆ ಹೋಗಿ ಹೋರಾಟಕ್ಕಿಳಿದು, ಮುಂದೆ ಮಂತ್ರಿಯೂ ಆದ ಯಶೋಧರಮ್ಮ ದಾಸಪ್ಪನವರನ್ನಾದರೂ ಅವರಿಗೆ ಪರಿಚಯಿಸಬೇಕು. ಚಳವಳಿಗಾರರು ಕುರ್ಚಿ ಹತ್ತಿದ ಮೇಲೆ ಎಲ್ಲರಂತಾಗಿಬಿಡುತ್ತಾರೆ ಎಂಬ ಮಾತನ್ನು ಮಕ್ಕಳು ಮನೆಯಲ್ಲೂ ಟಿವಿಯಲ್ಲೂ ದಿನವೂ ಕೇಳುತ್ತಾರೆ. ಆ ಮಾತು ಎಲ್ಲರಿಗೂ ಸಲ್ಲದು ಎಂಬುದಕ್ಕೆ ಯಶೋಧರಮ್ಮನವರ ಬದುಕೇ ಸಾಕ್ಷಿ. ಅವರ ಹೋರಾಟ ಯಾವುದಕ್ಕಾಗಿತ್ತು ಎಂಬುದು ಅವರು ಪದವಿ ಪಡೆದ ದಿನಕ್ಕಿಂತ ಅದನ್ನು ಬಿಟ್ಟ ದಿನ ಹೆಚ್ಚು ಸ್ಪಷ್ಟವಾಯಿತು ಎಂಬುದು ನನ್ನ ವಾದ.

ಯಶೋಧರಮ್ಮ ಹುಟ್ಟಿದ್ದು 1905ರ ಮೇ 28ರಂದು, ಬೆಂಗಳೂರಿನಲ್ಲಿ. ತಂದೆ ಕೆ. ಎಚ್. ರಾಮಯ್ಯನವರು ಸರ್ಕಾರಿ ಸೇವೆಯಲ್ಲಿದ್ದವರು, ಸಮಾಜ ಸೇವೆಯಲ್ಲಿ ಹೆಸರಾದವರು. ಲಂಡನ್ ಮಿಷನ್ ಶಾಲೆಯ ಓದು ಮುಗಿಸಿ ಮಗಳು ಬಂದದ್ದು ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ. 1914ರಲ್ಲಿ ಆರಂಭವಾದ, ಈ ನಗರದ ಮೊದಲ ಮಹಿಳಾ ಕಾಲೇಜು ಅದು. ಮರೀನಾ ಕಡಲ ದಂಡೆಗೆ ಎದುರಾಗಿರುವ ಆ ಕಟ್ಟಡಗಳ ಮುಂದೆ ನಮ್ಮ ಮಕ್ಕಳು ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿದ್ದಾರೆ. ಯಶೋಧರಮ್ಮನವರು ಕೈಹಿಡಿದದ್ದು ಎಚ್. ಸಿ. ದಾಸಪ್ಪನವರನ್ನು. ಅವರೂ ಹೋರಾಟಗಾರರೇ. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ರಚನೆಯಾದ ಮೈಸೂರಿನ ಮೊದಲ ಜನತಾ ಸರ್ಕಾರದಲ್ಲಿ ಮಂತ್ರಿಯಾಗಿ, ಮುಂದೆ ಕೇಂದ್ರದ ರೈಲ್ವೆ ಮಂತ್ರಿಯೂ ಆದವರು. ದಂಪತಿಗಳ ಮನೆ ಚಳವಳಿಗಾರರು ಕೂಡುವ ಜಾಗವಾಗಿತ್ತು. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ, ಅದನ್ನು ಖಂಡಿಸಿ ಎದ್ದ ಪ್ರತಿಭಟನೆಯಲ್ಲಿ ಯಶೋಧರಮ್ಮನವರೂ ಇದ್ದರು.

ನನ್ನ ವಾದಕ್ಕೆ ಬೇಕಾದ ಮುಖ್ಯ ಘಟನೆ ಮಾತ್ರ ಮರು ವರ್ಷದ್ದು. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿಗಳು ಅಲ್ಲಿ ಈಚಲು ಮರಗಳನ್ನು ಕಡಿದರು. ಗಾಂಧೀಜಿಯ ಅನುಯಾಯಿಗಳು ಮರವನ್ನೇಕೆ ಕಡಿದರು ಎಂದು ಇಂದಿನ ಮಕ್ಕಳು ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಈಚಲಿನ ಸುಳಿಯ ಕೆಳಗೆ ಕೆತ್ತಿ ಗಡಿಗೆ ಕಟ್ಟಿದರೆ ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಬೆಳಗಿನ ಜಾವ ಸಿಹಿಯಾಗಿರುವ ಆ ರಸ ಬಿಸಿಲೇರಿದಂತೆ ಹುಳಿಯೇರಿ ಹೆಂಡವಾಗುತ್ತದೆ. ಹೆಂಡದಂಗಡಿಗಳನ್ನು ಸರ್ಕಾರ ಹರಾಜು ಹಾಕುತ್ತಿತ್ತು, ಗುತ್ತಿಗೆದಾರ ಕೊಂಡ ಹಣವನ್ನು ಕುಡಿಯುವವರಿಂದ ವಸೂಲು ಮಾಡುತ್ತಿದ್ದ, ಕೂಲಿಯವನ ಸಂಜೆಯ ದುಡ್ಡು ಮನೆ ಸೇರುವ ಮೊದಲೇ ಅಂಗಡಿ ಸೇರುತ್ತಿತ್ತು. ಹಾಗಾಗಿ ಒಂದು ಈಚಲು ಮರಕ್ಕೆ ಕೊಡಲಿ ಹಾಕಿದರೆ ಸರ್ಕಾರದ ಅಬಕಾರಿ ಆದಾಯಕ್ಕೂ ಬಡವರ ಮನೆಯ ಸಂಕಟಕ್ಕೂ ಒಟ್ಟಿಗೇ ಏಟು ಬೀಳುತ್ತಿತ್ತು. ಈ ಚಳವಳಿಯಲ್ಲಿ ಸುಮಾರು 1200 ಜನ ಬಂಧಿತರಾದರು. ಇದನ್ನು ಸಂಘಟಿಸಿದವರಲ್ಲಿ ಯಶೋಧರಮ್ಮನವರೂ ಒಬ್ಬರು. ಇದಕ್ಕಾಗಿ ಜೈಲು ಸೇರಿದವರಲ್ಲಿ ಚಿತ್ರದುರ್ಗದ ವಕೀಲರೊಬ್ಬರಿದ್ದರು. ಅವರ ಹೆಸರು ಎಸ್. ನಿಜಲಿಂಗಪ್ಪ. ಮುಂದೆ, 1956ರಲ್ಲಿ ಕನ್ನಡ ನಾಡು ಒಂದಾದಾಗ, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಅವರೇ.

1962ರಲ್ಲಿ ಯಶೋಧರಮ್ಮ ಮೊದಲು ಎಸ್. ಆರ್. ಕಂಠಿಯವರ ಸಂಪುಟದಲ್ಲಿ, ಆಮೇಲೆ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾದರು. ಮುಂಬಯಿ ಮತ್ತು ಮದರಾಸು ಪ್ರಾಂತಗಳಿಂದ ಬಂದ ಜಿಲ್ಲೆಗಳು ಪಾನನಿರೋಧದ ಕಾನೂನಿನೊಡನೆಯೇ ಹೊಸ ರಾಜ್ಯ ಸೇರಿದ್ದವು. ದಶಕದ ಕೊನೆಯ ಹೊತ್ತಿಗೆ ಸರ್ಕಾರ ಆ ಪಾನನಿರೋಧವನ್ನು ತೆಗೆದುಹಾಕಲು ನಿರ್ಧರಿಸಿತು. ಯಶೋಧರಮ್ಮ ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ನಿರ್ಧಾರ ಹಗೆಗಳದ್ದಾಗಿರಲಿಲ್ಲ. ತಮ್ಮದೇ ಪಕ್ಷದ್ದು, ಈಚಲು ಮರದ ಸತ್ಯಾಗ್ರಹದಲ್ಲಿ ಜೊತೆಗಿದ್ದ ಹಿರಿಯರದ್ದು. ಪರಕೀಯ ಆಳ್ವಿಕೆಯನ್ನು ಎದುರಿಸಲು ಧೈರ್ಯ ಬೇಕು, ನಿಜ. ಆದರೆ ಎದುರಿಗಿರುವವರು ನಮ್ಮವರೇ ಆದಾಗ ಸ್ನೇಹ, ಉಪಕಾರ, ಪಕ್ಷನಿಷ್ಠೆ ಎಲ್ಲವೂ ಕೈ ಹಿಡಿದು ಜಗ್ಗುತ್ತವೆ. ಅದನ್ನು ಮೀರಿ ನಿಂತದ್ದರಿಂದಲೇ ಈ ರಾಜೀನಾಮೆಯನ್ನು ನಾನು ಜೈಲುವಾಸದ ಸಾಲಿನಲ್ಲಿ ಇಡುತ್ತೇನೆ.

ಪಾನನಿರೋಧ ಎಲ್ಲೂ ಗೆದ್ದಿಲ್ಲ, ಕಳ್ಳಭಟ್ಟಿ ಹೆಚ್ಚುತ್ತದೆ, ಬೊಕ್ಕಸ ಬರಿದಾಗುತ್ತದೆ, ಹಾಗಿರುವಾಗ ಇದು ಕೇವಲ ಹಟವಲ್ಲವೇ ಎಂದು ಕೇಳುವವರಿದ್ದಾರೆ. ಕಳ್ಳಭಟ್ಟಿಯ ಮಾತನ್ನು ತಳ್ಳಿಹಾಕಲಾಗದು, ಅದರಿಂದ ಸತ್ತವರೂ ಇದ್ದಾರೆ. ಆದರೆ ಬೊಕ್ಕಸದ ಪ್ರಶ್ನೆಗೆ ಉತ್ತರ ಈ ನಗರದಲ್ಲೇ ಸಿಕ್ಕಿತ್ತು. 1937ರಲ್ಲಿ ಮದರಾಸಿನ ಪ್ರಧಾನಿಯಾದ ರಾಜಾಜಿ ಸೇಲಂ ಜಿಲ್ಲೆಯಿಂದ ಪಾನನಿರೋಧ ಆರಂಭಿಸಿದರು, ಖೋತಾ ತುಂಬಲು 1939ರಲ್ಲಿ ಮಾರಾಟ ತೆರಿಗೆ ತಂದರು. ಅಂದರೆ ಮನಸ್ಸಿದ್ದರೆ ಬೇರೆ ದಾರಿ ಹುಡುಕಬಹುದಿತ್ತು. 1971ರಲ್ಲಿ ತಮಿಳುನಾಡು ಪಾನನಿರೋಧವನ್ನು ಸಡಿಲಿಸಹೊರಟಾಗ ತೊಂಬತ್ತು ದಾಟಿದ್ದ ರಾಜಾಜಿ ಮುಖ್ಯಮಂತ್ರಿ ಕರುಣಾನಿಧಿಯವರನ್ನು ಕಂಡು ಬೇಡವೆಂದು ಕೇಳಿಕೊಂಡರು. ಯಶೋಧರಮ್ಮನವರ ನಿಲುವೂ ಅದೇ ಜಾಡಿನದು. ಸಂವಿಧಾನದ 47ನೇ ವಿಧಿ ಪಾನನಿರೋಧಕ್ಕೆ ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಆ ನೀತಿ ಸರಿಯೋ ತಪ್ಪೋ ಎಂಬ ಚರ್ಚೆ ಮುಂದುವರಿಯಲಿ. ಜನರ ಮುಂದೆ ಹೇಳಿದ್ದನ್ನು ಅಧಿಕಾರದಲ್ಲಿ ಕೂತು ಅಳಿಸಬಾರದು ಎಂಬ ಅವರ ತತ್ವ ಆ ಚರ್ಚೆಯ ತೀರ್ಪನ್ನು ಕಾಯಬೇಕಾಗಿಲ್ಲ.

ಒಳಗಿದ್ದೇ ಹೋರಾಡಬಹುದಿತ್ತು, ಸಿರಿವಂತ ಮನೆತನದವರಿಗೆ ಪದವಿ ಬಿಡುವುದು ಸುಲಭ ಎಂಬ ಮಾತೂ ಇದೆ. ಸಂಪುಟದ ತೀರ್ಮಾನಕ್ಕೆ ಎಲ್ಲ ಮಂತ್ರಿಗಳೂ ಹೊಣೆ. ತೀರ್ಮಾನವಾದ ಮೇಲೆ ಒಳಗೆ ಉಳಿದವರು ಅದನ್ನು ಸಮರ್ಥಿಸಲೇಬೇಕು. ಇನ್ನು ಮನೆತನದ ಮಾತು. ಹೊಟ್ಟೆಪಾಡಿನ ಚಿಂತೆ ಇರಲಿಲ್ಲ ಎಂಬುದು ನಿಜವೇ. ಆದರೆ ಅಂಥ ಅನುಕೂಲವಿದ್ದೂ ಕುರ್ಚಿಗೆ ಅಂಟಿಕೊಂಡ ಎಷ್ಟೋ ಜನರನ್ನು ನಾವು ಕಂಡಿದ್ದೇವೆ. ಯಶೋಧರಮ್ಮನವರಿಗೆ ಕುರ್ಚಿಯ ಹೊರಗೂ ಕೆಲಸವಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಹಳ್ಳಿಯ ಹೆಂಗಸರಿಗಾಗಿ, ಮಕ್ಕಳಿಗಾಗಿ ಹುಟ್ಟಿದ ಕಸ್ತೂರ್ಬಾ ಸ್ಮಾರಕ ಟ್ರಸ್ಟಿನ ಕೆಲಸವನ್ನು ಅರಸೀಕೆರೆಯ ಕಸ್ತೂರ್ಬಾ ಗ್ರಾಮದಲ್ಲಿ ಬೆಳೆಸಿದವರು ಅವರು.

1972ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು, 1980ರಲ್ಲಿ ಅವರು ತೀರಿಕೊಂಡರು. ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಮಕ್ಕಳು ವೇಷ ಹಾಕಿ ವೀರರ ಮಾತು ಒಪ್ಪಿಸುತ್ತಾರೆ. ಅದು ಸಂತೋಷವೇ. ಅದರ ಜೊತೆಗೆ, ಕತ್ತಿ ಹಿಡಿಯದೆ, ಒಂದು ಪತ್ರ ಬರೆದು ಅಧಿಕಾರದಿಂದ ಕೆಳಗಿಳಿದ ಈ ಹೆಣ್ಣುಮಗಳ ಕಥೆಯನ್ನೂ ಹೇಳಿಕೊಡೋಣ. ಹೊರನಾಡಿನಲ್ಲಿ ಕನ್ನಡ ಉಳಿಯಬೇಕೆಂದರೆ ಹಾಡು, ಹಬ್ಬ, ಊಟ ಮಾತ್ರ ಸಾಲದು. ಕನ್ನಡ ನಾಡಿನವರು ಯಾವುದನ್ನು ಸರಿ ಎಂದು ನಂಬಿ, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಎಂಬುದೂ ಮಕ್ಕಳಿಗೆ ತಿಳಿದಿರಬೇಕು.