ದೇವಾಲಯದ ಛಾವಣಿಯಲ್ಲೊಂದು ರಂಧ್ರ

"ಕ್ರಿಸ್ಮಸ್ ಪ್ರತಿವರ್ಷವೂ ಡಿಸೆಂಬರ್ 25ಕ್ಕೇ ಬರುತ್ತದೆ. ಪಾಸ್ಖ ಹಬ್ಬ ಮಾತ್ರ ಏಕೆ ಹಿಂದೆ ಮುಂದೆ ಸರಿಯುತ್ತದೆ, ಫಾದರ್?" ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಗೋಡೆಯ ಮೇಲಿನ ಕ್ಯಾಲೆಂಡರನ್ನು ತೋರಿಸಿ ಮಗುವನ್ನು ಸುಮ್ಮನಾಗಿಸುವುದು ಸುಲಭ. ಆದರೆ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಧರ್ಮಸಭೆಯು ಒಮ್ಮೆ ತನ್ನ ದೇವಾಲಯದ ಛಾವಣಿಯನ್ನೇ ಕೊರೆದು, ನೆಲವನ್ನೇ ಅಳತೆಗೋಲಾಗಿ ಮಾಡಿಕೊಂಡಿತೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ.

ಎಲ್ಲ ಕ್ರೈಸ್ತರೂ ಪಾಸ್ಖವನ್ನು ಒಂದೇ ದಿನ ಆಚರಿಸಬೇಕೆಂದು ಕ್ರಿ.ಶ. 325ರ ನೈಸಿಯ ಮಹಾಸಭೆ ತೀರ್ಮಾನಿಸಿತು. ಮುಂದೆ ನೆಲೆಗೊಂಡ ನಿಯಮದಂತೆ, ವಸಂತದಲ್ಲಿ ಹಗಲಿರುಳು ಸಮನಾಗುವ ದಿನದಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಗುರುತಿಸಿ, ಅದರ ಮುಂದಿನ ಭಾನುವಾರವನ್ನು ಪಾಸ್ಖವೆಂದು ಆಚರಿಸಲಾಯಿತು. ಆ ಸಮದಿನವನ್ನು ಮಾರ್ಚ್ 21 ಎಂದು ಇಟ್ಟುಕೊಂಡರು. ಆದರೆ ಅಂದಿನ ಜೂಲಿಯನ್ ಪಂಚಾಂಗದ ವರ್ಷವು ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ದೀರ್ಘವಾಗಿತ್ತು. ಈ ಚಿಕ್ಕ ತಪ್ಪು ಶತಮಾನಗಳುದ್ದಕ್ಕೂ ಬೆಳೆದು, 16ನೇ ಶತಮಾನದ ವೇಳೆಗೆ ಸಮದಿನವು ಮಾರ್ಚ್ 11ಕ್ಕೆ ಜಾರಿತ್ತು. 1582ರಲ್ಲಿ ಪೋಪ್ 13ನೇ ಗ್ರೆಗೊರಿಯವರು ಪಂಚಾಂಗವನ್ನು ತಿದ್ದಿದರು. ಯೇಸುಸಭೆಯ ಗಣಿತಜ್ಞ ಗುರು ಕ್ರಿಸ್ಟೋಫರ್ ಕ್ಲಾವಿಯಸ್ ಈ ಕಾರ್ಯದ ಪ್ರಮುಖರಲ್ಲೊಬ್ಬರು. ಆ ವರ್ಷ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. ಅವಿಲದ ಸಂತ ತೆರೇಸಮ್ಮನವರು ದೈವಾಧೀನರಾದದ್ದು ಅದೇ ರಾತ್ರಿ. ಅವರ ಹಬ್ಬವನ್ನು ನಾವು ಅಕ್ಟೋಬರ್ 15ರಂದು ಆಚರಿಸುತ್ತೇವೆ.

ತಿದ್ದಿದ ಪಂಚಾಂಗ ಸರಿಯೆಂದು ತಿಳಿಯಬೇಕಾದರೆ ಸೂರ್ಯನ ಗತಿಯನ್ನು ಅಳೆಯಬೇಕು. ಅದಕ್ಕೆ ಎತ್ತರವಾದ, ಕತ್ತಲಾದ, ಅಲುಗಾಡದ ಕಟ್ಟಡ ಬೇಕು. ಅಂದಿನ ಯುರೋಪಿನಲ್ಲಿ ಅಂಥ ಕಟ್ಟಡವೆಂದರೆ ಮಹಾದೇವಾಲಯವೇ. ಇಟಲಿಯ ಬೊಲೋನ್ಯ ನಗರದ ಸಂತ ಪೆತ್ರೋನಿಯೊ ದೇವಾಲಯದಲ್ಲಿ 1570ರ ದಶಕದಲ್ಲೇ ದೊಮಿನಿಕ್ ಸಭೆಯ ಇಗ್ನಾತ್ಸಿಯೊ ದಾಂತಿ ಎಂಬವರು ಇಂಥ ವ್ಯವಸ್ಥೆ ಮಾಡಿದ್ದರು. ದೇವಾಲಯವನ್ನು ವಿಸ್ತರಿಸಿದಾಗ ಅದು ಕೆಟ್ಟಿತು. 1655ರಲ್ಲಿ ಖಗೋಳಜ್ಞ ಕಸಿನಿ ಅದೇ ದೇವಾಲಯದಲ್ಲಿ ಇನ್ನೂ ದೊಡ್ಡದನ್ನು ರಚಿಸಿದರು. ಸುಮಾರು 27 ಮೀಟರ್ ಎತ್ತರದಲ್ಲೊಂದು ಚಿಕ್ಕ ರಂಧ್ರ, ನೆಲದ ಮೇಲೆ ದಕ್ಷಿಣೋತ್ತರವಾಗಿ ಸುಮಾರು 67 ಮೀಟರ್ ಉದ್ದದ ಗೆರೆ. ಅಷ್ಟೇ ಅದರ ಉಪಕರಣ. ಪ್ರತಿ ಮಧ್ಯಾಹ್ನ ಸೂರ್ಯಬಿಂಬವು ಆ ಗೆರೆಯನ್ನು ದಾಟುವಾಗ ಅದು ಬಿದ್ದ ಜಾಗವೇ ಋತುವನ್ನು ಹೇಳುತ್ತಿತ್ತು.

ಆ ಗೆರೆ ಇನ್ನೊಂದು ಮಾತನ್ನೂ ಹೇಳಿತು. ಸೂರ್ಯನು ಜನವರಿಯಲ್ಲಿ ತುಸು ವೇಗವಾಗಿ, ಜುಲೈಯಲ್ಲಿ ತುಸು ನಿಧಾನವಾಗಿ ಸಾಗುವಂತೆ ನಮಗೆ ಕಾಣುತ್ತದೆ. ಇದಕ್ಕೆ ದೂರದ ವ್ಯತ್ಯಾಸವೊಂದೇ ಕಾರಣವೆಂದು ಹಳೆಯ ಶಾಸ್ತ್ರ ಹೇಳುತ್ತಿತ್ತು. ದೂರವೂ ಬದಲಾಗುತ್ತದೆ, ವೇಗವೂ ನಿಜವಾಗಿ ಬದಲಾಗುತ್ತದೆ ಎಂದು ಕೆಪ್ಲರ್ ಹೇಳಿದ್ದರು. ಕೆಪ್ಲರರ ಮಾತು ನಿಜವಾದರೆ ಬಿಂಬದ ಗಾತ್ರದಲ್ಲಿ ಕಾಣುವ ಏರಿಳಿತ ಹಳೆಯ ಲೆಕ್ಕದ ಅರ್ಧದಷ್ಟೇ ಇರಬೇಕು. ಕಸಿನಿ ಅಳೆದರು, ಅಳತೆ ಕೆಪ್ಲರರ ಪಕ್ಷಕ್ಕೆ ನಿಂತಿತು.

ಇಲ್ಲಿ ಇಸವಿಗಳನ್ನು ಗಮನಿಸಬೇಕು. ಗೆಲಿಲಿಯೊ ಅವರಿಗೆ ಶಿಕ್ಷೆಯಾದದ್ದು 1633ರಲ್ಲಿ. ಕೆಪ್ಲರರ ಗ್ರಂಥವೊಂದು 1619ರಲ್ಲೇ ನಿಷೇಧಿತ ಪುಸ್ತಕಗಳ ಪಟ್ಟಿ ಸೇರಿತ್ತು. ಬೊಲೋನ್ಯವಾದರೋ ಪೋಪರ ಆಡಳಿತಕ್ಕೇ ಒಳಪಟ್ಟ ನಗರ. ಒಂದು ಕೈ ಪುಸ್ತಕವನ್ನು ಮುಚ್ಚಿತು, ಇನ್ನೊಂದು ಕೈ ಬೆಳಕಿಗೆ ದಾರಿ ಬಿಟ್ಟಿತು. ಈ ಎರಡು ಕೈಗಳೂ ನಮ್ಮವೇ. ಮೊದಲನೆಯದನ್ನು ಮರೆಮಾಚಿ ಎರಡನೆಯದನ್ನು ಮಾತ್ರ ಹೊಗಳಿಕೊಂಡರೆ ಅದು ಸತ್ಯಕ್ಕೆ ಮಾಡಿದ ದ್ರೋಹ. ಗೆಲಿಲಿಯೊ ವಿಷಯದಲ್ಲಿ ಅಂದಿನ ದೈವಶಾಸ್ತ್ರಜ್ಞರು ತಪ್ಪಿದರೆಂದು ಪೋಪ್ ಎರಡನೇ ಜಾನ್ ಪಾಲ್ 1992ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಹಾಗೆಯೇ, ಧರ್ಮಸಭೆಯು ವಿಜ್ಞಾನದ ಶತ್ರುವಾಗಿಯೇ ಬಾಳಿತೆಂದು ಯಾರಾದರೂ ಹೇಳಿದರೆ, ಬೊಲೋನ್ಯದ ನೆಲದ ಮೇಲಿನ ಗೆರೆ ಅದಕ್ಕೆ ಉತ್ತರ ಕೊಡುತ್ತದೆ.

ಪ್ರಿಯ ಓದುಗರೇ, ಈ ಪಾಠಕ್ಕೆ ಬೊಲೋನ್ಯದವರೆಗೆ ಹೋಗಬೇಕಾಗಿಲ್ಲ. ಹೊಸ ದೇವಾಲಯ ಕಟ್ಟುವಾಗ ನಾವು ಶಂಕುಸ್ಥಾಪನೆ ಮಾಡುತ್ತೇವಲ್ಲ, ಆ ಶಂಕು ಎಂದರೆ ನೆಲದಲ್ಲಿ ನೆಟ್ಟ ಗೂಟ. ನಮ್ಮ ನಾಡಿನ ಪ್ರಾಚೀನ ಶಿಲ್ಪಿಗಳು ಅದರ ನೆರಳಿನಿಂದಲೇ ದಿಕ್ಕುಗಳನ್ನು ಗುರುತಿಸುತ್ತಿದ್ದರು. ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೇ ಕೇಂದ್ರವಾಗಿಸಿ ನೆಲದ ಮೇಲೊಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕಿರಿ. ಎರಡರ ನಡುಬಿಂದುವಿಗೆ ಕೋಲಿನ ಬುಡದಿಂದ ಎಳೆದ ಗೆರೆಯೇ ದಕ್ಷಿಣೋತ್ತರ. ನೆರಳು ಈ ಗೆರೆಯ ಮೇಲೆ ಬೀಳುವಾಗ ಮಂಗಳೂರಿನ ಗಡಿಯಾರದಲ್ಲಿ 12 ಗಂಟೆಯಲ್ಲ, ಸುಮಾರು 12.30 ಆಗಿರುತ್ತದೆ. ಏಕೆಂದರೆ ನಮ್ಮ ಗಡಿಯಾರ ನಡೆಯುವುದು ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಏಪ್ರಿಲ್ 24 ಹಾಗೂ ಆಗಸ್ಟ್ 18ರ ಆಸುಪಾಸಿನಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಸೂರ್ಯನು ನಡುನೆತ್ತಿಗೆ ಬಂದು ಕೋಲಿನ ನೆರಳೇ ಕಾಣದಾಗುತ್ತದೆ.

ಹೆಂಚಿನ ಮನೆಯಲ್ಲಿ ಬೆಳೆದವರು ಸೂರಿನ ಸಂದಿಯಿಂದ ನೆಲಕ್ಕೆ ಬೀಳುವ ದುಂಡನೆಯ ಬೆಳಕನ್ನು ನೋಡಿಯೇ ಇರುತ್ತಾರೆ. ಸಂದಿ ಯಾವ ಆಕಾರದಲ್ಲಿದ್ದರೂ ಬೆಳಕು ದುಂಡಗೇ ಇರುವುದು ಏಕೆ? ಅದು ಸೂರ್ಯನ ಬಿಂಬವೇ ಆದುದರಿಂದ. ಕಿರಣಕ್ಕೆ ಎದುರಾಗಿ ಕಾಗದ ಹಿಡಿದು ಬಿಂಬದ ಅಗಲವನ್ನು ಅಳೆಯಿರಿ; ರಂಧ್ರದಿಂದ ಕಾಗದಕ್ಕಿರುವ ದೂರವನ್ನು ಅದರಿಂದ ಭಾಗಿಸಿರಿ. ರಂಧ್ರ ಸಾಕಷ್ಟು ಚಿಕ್ಕದಾಗಿದ್ದರೆ ಉತ್ತರ ಸುಮಾರು 108 ಬರುತ್ತದೆ. ಸೂರ್ಯನ ಅಗಲದ ಅಷ್ಟೇ ಪಟ್ಟು ದೂರದಲ್ಲಿ ನಾವಿದ್ದೇವೆ. ಸೂರ್ಯನನ್ನು ನೇರವಾಗಿ ನೋಡಬಾರದೆಂಬ ಎಚ್ಚರಿಕೆಯನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಬೇಕು.

ಭೂಮಿಯು ಸೂರ್ಯನನ್ನು ಸುತ್ತುತ್ತದೆ ಎಂದು ಬಾಯಿಪಾಠ ಮಾಡಿ ಅಂಕ ಪಡೆದ ಮಗು, ಅಂಗಳದ ನೆರಳನ್ನು ಒಮ್ಮೆಯೂ ಗಮನಿಸಿರುವುದಿಲ್ಲ. ವಿಶ್ವಾಸವನ್ನೂ ನಾವು ಹಲವೊಮ್ಮೆ ಹೀಗೆಯೇ ಬಾಯಿಪಾಠವಾಗಿ ಕೊಡುತ್ತೇವೆ. ಆ ಮಗು ಬೆಳೆದು ಕಾಲೇಜಿಗೆ ಹೋದಾಗ, ಯಾರೋ ಎತ್ತಿದ ಮೊದಲ ಪ್ರಶ್ನೆಗೇ ವಿಶ್ವಾಸ ಅಲುಗಾಡಿದರೆ ತಪ್ಪು ಮಗುವಿನದಲ್ಲ. ಆದುದರಿಂದ ಮುಂದಿನ ಸಲ ನಿಮ್ಮ ಮಗು ಪಾಸ್ಖದ ದಿನಾಂಕ ಏಕೆ ಬದಲಾಗುತ್ತದೆಂದು ಕೇಳಿದರೆ ಕ್ಯಾಲೆಂಡರನ್ನು ತೋರಿಸಿ ಸುಮ್ಮನಾಗಬೇಡಿ. ಒಂದು ಕೋಲು ಹಿಡಿದು ಅದರೊಂದಿಗೆ ಅಂಗಳಕ್ಕಿಳಿಯಿರಿ. ಸೃಷ್ಟಿಕರ್ತನು ತನ್ನ ಸೂರ್ಯನನ್ನು ಯಾರಿಂದಲೂ ಮರೆಮಾಡಿಲ್ಲ.